ಕುಸುಬಿ ಎಣ್ಣೆ ಕುಡಿದ ಜರ್ಮನ್ ಬಂದೂಕು

ಜಮಖಂಡಿಯಲ್ಲಿ ನಮ್ಮ ಮನೆಯಿಂದ ಪೇಟೆಗೆ ಇಳಿಯುವ ದಾರಿಯಲ್ಲಿ ಒಂದು ಎಣ್ಣೆಯ ಗಾಣವಿದೆ. ಎತ್ತು ತಿರುಗುವ ಗಾಣವಲ್ಲ, ಮೋಟಾರಿನದು. ಕುಸುಬಿ ಹಾಕಿದ ದಿನ ಆ ರಸ್ತೆಯುದ್ದಕ್ಕೂ ಬಿಸಿ ಎಣ್ಣೆಯ ಘಮ ತುಂಬಿರುತ್ತದೆ. ಸ್ವಲ್ಪ ಒಗರು, ಸ್ವಲ್ಪ ಸಿಹಿ, ಅದರ ಹಿಂದೆಯೇ ಬೀಜ ಹುರಿದ ಕಮಟು. ಹಾದುಹೋಗುವವರಿಗೆ ಹಸಿವಾಗುತ್ತದೆ. ಎಣ್ಣೆಗಾಯಿ ನೆನಪಾಗುತ್ತದೆ, ರೊಟ್ಟಿಯ ಮೇಲೆ ಚಟ್ನಿಪುಡಿ ಉದುರಿಸಿ ಎಣ್ಣೆ ಹನಿಸಿಕೊಟ್ಟ ಕೈಗಳು ನೆನಪಾಗುತ್ತವೆ. ನನಗೆ ಮಾತ್ರ ಎರಡೂ ಕಿವಿಗೆ ಬೆರಳು ತುರುಕಿಕೊಳ್ಳಬೇಕು ಅನಿಸುತ್ತದೆ. ಒಮ್ಮೆ ಸ್ಕೂಟರ್ ನಿಲ್ಲಿಸಿ ತುರುಕಿಕೊಂಡೂ ಬಿಟ್ಟೆ. ಗಾಣದವನು ಗಾಬರಿಯಾಗಿ ಹೊರಗೆ ಬಂದು, "ಯಾಕ್ರಿ ಅಕ್ಕಾರ, ಮಷಿನ್ ಭಾಳ ಸಪ್ಪಳ ಮಾಡಾಕತ್ತೇತೇನ್ರಿ?" ಎಂದು ಕೇಳಿದ. ಅವನ ಮಷಿನು ಪಾಪ, ತನ್ನ ಪಾಡಿಗೆ ತಾನು ಗುಂಯ್ ಎನ್ನುತ್ತಿತ್ತು. ಕುಸುಬಿ ಎಣ್ಣೆಯ ವಾಸನೆ ಬಂತೆಂದರೆ ಇನ್ನೇನು ಬಂದೂಕು ಹಾರುತ್ತದೆ ಎಂದು ನನ್ನ ಮೈ ಕಲಿತುಬಿಟ್ಟಿದೆ ಎಂಬುದನ್ನು ಅವನಿಗೆ ರಸ್ತೆಯಲ್ಲಿ ನಿಂತು ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು. ನಿಮ್ಮ ಮೈಯಲ್ಲೂ ಇಂಥ ಹುಚ್ಚು ಪಾಠ ಒಂದಲ್ಲ ಒಂದು ಉಳಿದೇ ಇರುತ್ತದೆ.

ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ಈಗ ಆ ಜಾಗದಲ್ಲಿ ಸಿಮೆಂಟಿನ ಕಟ್ಟಡ ಎದ್ದು, ಕೆಳಗೆ ಯಾರದೋ ಸೀರೆಯ ಗೋದಾಮು ಇದೆ. ಆಗ ಅಲ್ಲಿ ಮಣ್ಣಿನ ಮಾಳಿಗೆಯ ಉದ್ದನೆಯ ಮನೆಯಿತ್ತು. ಹೊಸ್ತಿಲು ದಾಟಿದರೆ ಸಾಲಾಗಿ ಕುಣಿಮಗ್ಗಗಳು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತ ಗಂಡಸರು ದೂರದಿಂದ ನೋಡಿದರೆ ಸೊಂಟದವರೆಗೆ ನೆಲದಲ್ಲಿ ಹೂತುಹೋದವರಂತೆ ಕಾಣುತ್ತಿದ್ದರು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಸದ್ದಿನಲ್ಲೇ ನಾವು ಎದ್ದೆವು, ಉಂಡೆವು, ಮಗ್ಗಿ ಬಾಯಿಪಾಠ ಮಾಡಿದೆವು. ಮಗ್ಗ ನಿಂತ ದಿನ, ಅಂದರೆ ಅಮಾವಾಸ್ಯೆಯ ದಿನ, ಮನೆಯಲ್ಲಿ ಎಲ್ಲರೂ ಕಾರಣವಿಲ್ಲದೆ ಕೂಗಿ ಮಾತಾಡುತ್ತಿದ್ದರು. ಅಪ್ಪನ ಅಪ್ಪನನ್ನು ನಾವು ಮುತ್ಯಾ ಎನ್ನುತ್ತಿದ್ದೆವು, ಅಜ್ಜಿಯನ್ನು ಆಯಿ. ಅಪ್ಪನಿಗೆ ಒಬ್ಬಳೇ ತಂಗಿ, ಕಸ್ತೂರಿ ಅತ್ತೆ. ಅವ್ವ, ಅಪ್ಪ, ನಾನು ಸೇರಿದರೆ ಮನೆ ಮುಗಿಯಿತು. ಆದರೆ ಮುತ್ಯಾನನ್ನು ಕೇಳಿದರೆ ಇನ್ನೂ ಒಂದು ಜೀವ ಇತ್ತು. ಅದು ಒಳಗೋಡೆಯ ಗೂಟದ ಮೇಲೆ, ದೇವರ ಜಗಲಿಯ ಪಕ್ಕದಲ್ಲೇ ಮಲಗಿರುತ್ತಿದ್ದ ಗಾಳಿ ಬಂದೂಕು.

ಅದು ಜರ್ಮನಿಯದು ಎಂಬುದು ನಮ್ಮ ಮನೆಯ ಸತ್ಯ. ಮುತ್ಯಾನ ಅಪ್ಪ ಸಂಸ್ಥಾನದ ಕಾಲದಲ್ಲಿ ಅರಮನೆಗೆ ಒಂದು ರುಮಾಲು ನೇದುಕೊಟ್ಟನಂತೆ. ರಾಜರು ಮೆಚ್ಚಿ, "ನಾಯಿ ಬೇಕೋ ಬಂದೂಕು ಬೇಕೋ" ಎಂದು ಕೇಳಿದರಂತೆ. ನಾಯಿಯ ಕತೆ ಹೇಳುವಾಗ ಅರಮನೆ ಮುಧೋಳದ್ದಾಗಿರುತ್ತಿತ್ತು, ನಾಯಿಯ ಮಾತು ಬಾರದ ದಿನ ಅದೇ ಅರಮನೆ ಜಮಖಂಡಿಗೆ ಬಂದು ಕೂರುತ್ತಿತ್ತು. "ಮತ್ತ ನಾಯಿ ಯಾಕ ತರ್ಲಿಲ್ಲ ಮುತ್ಯಾ?" ಎಂದು ನಾನು ಕೇಳಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು: "ನಾಯಿಗೆ ದಿನಾ ರೊಟ್ಟಿ ಹಾಕಬೇಕು. ಬಂದೂಕ ರೊಟ್ಟಿ ಬೇಡತೈತೇನು?" ಓಣಿಯ ಕುಹಕಿಗಳು ಅದನ್ನು ಕೊಲ್ಲಾಪುರದ ಸಂತೆಯಲ್ಲಿ ಕೊಂಡದ್ದು ಅನ್ನುತ್ತಿದ್ದರು. ಹಾಗೆ ಅಂದವರ ಮನೆಯ ಬೀಸುವ ಕಲ್ಲಿನ ಸುದ್ದಿಯಿಂದ ಹಿಡಿದು ಸೊಸೆಯ ಸುದ್ದಿಯವರೆಗೆ ಮುತ್ಯಾ ಎಲ್ಲವನ್ನೂ ಎತ್ತಿ ಆಡಿ ತೀರಿಸುತ್ತಿದ್ದ. ಜರ್ಮನಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೃಷ್ಣಾ ನದಿಯ ಆಚೆ, ಬಹಳ ಆಚೆ ಎನ್ನುವಷ್ಟು ಗೊತ್ತಿತ್ತು.

ಬಂದೂಕಿನ ಕೆಲಸ ಪಾರಿವಾಳ ಓಡಿಸುವುದು. ಮಾಳಿಗೆಯ ಜಂತಿಗಳ ಮೇಲೆ ಕೂತ ಪಾರಿವಾಳಗಳು ಗಂಜಿ ಹಾಕಿ ಮಗ್ಗಕ್ಕೆ ಏರಿಸಿದ ಹೊಸ ನೂಲಿನ ಹಾಸಿನ ಮೇಲೆ ನೇರವಾಗಿ, ಗುರಿಯಿಟ್ಟವರಂತೆ ಹಿಕ್ಕೆ ಹಾಕುತ್ತಿದ್ದವು. ಆದರೆ ಪಾರಿವಾಳ ಕೊಲ್ಲುವಷ್ಟು ಗಟ್ಟಿ ಎದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಬಂದೂಕಿಗೆ ಸೀಸದ ಗುಂಡು ಹಾಕುತ್ತಿರಲಿಲ್ಲ, ರದ್ದಿ ನೂಲನ್ನು ಬಾಯಲ್ಲಿ ಒದ್ದೆ ಮಾಡಿ ಉಂಡೆ ಕಟ್ಟಿ ತುರುಕುತ್ತಿದ್ದರು. ಪಾರಿವಾಳಕ್ಕೆ ಪೆಟ್ಟಾಗಬಾರದು, ಅವಮಾನವಾದರೆ ಸಾಕು ಎಂಬುದು ಮುತ್ಯಾನ ನ್ಯಾಯ. ಅಮಾವಾಸ್ಯೆಯ ದಿನ ಮಗ್ಗ ತೊಳೆದು, ಒರೆಸಿ, ಕೀಲುಗಳಿಗೆ ಕುಸುಬಿ ಎಣ್ಣೆ ಬಿಟ್ಟು ಪೂಜೆ ಮಾಡುವುದು ಪದ್ಧತಿ. ಅದೇ ಸರದಿಯಲ್ಲಿ ಬಂದೂಕಿಗೂ ಎಣ್ಣೆ ಬೀಳುತ್ತಿತ್ತು; ಕೀಲಿಗಷ್ಟೇ ಅಲ್ಲ, ಹೊಟ್ಟೆಯೊಳಕ್ಕೂ. ಆಮೇಲೆ ಆಯಿ ಅದರ ಉಕ್ಕಿನ ಬೆನ್ನಿಗೆ ವಿಭೂತಿ ಎಳೆದು ಕುಂಕುಮ ಇಡುತ್ತಿದ್ದಳು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಇಟ್ಟ ಕುಂಕುಮ ಎಣ್ಣೆ ಕುಡಿದು ಗಟ್ಟಿಯಾಗಿ, ಅಲ್ಲೊಂದು ಕೆಂಪು ದಿಬ್ಬವೇ ಎದ್ದಿತ್ತು. ಆ ದಿಬ್ಬದ ಕೆಳಗೆ ಏನೋ ಅಕ್ಷರ ಇದೆ ಎಂದು ಮುತ್ಯಾ ಹೇಳುತ್ತಿದ್ದ. ಯಾರೂ ನೋಡಿರಲಿಲ್ಲ, ಯಾಕೆಂದರೆ ಪೂಜೆಯ ಕುಂಕುಮ ಕೆರೆಯಲು ಆಯಿ ಬಿಡುತ್ತಿರಲಿಲ್ಲ.

ಬಂದೂಕಿನ ನಡುವನ್ನು ಕೀಲಿನಲ್ಲಿ ಮುರಿದು ಬಗ್ಗಿಸಿ ಎಣ್ಣೆ ಬಿಟ್ಟು, ನೂಲಿನ ಉಂಡೆ ಒತ್ತಿ, ಮತ್ತೆ ನೆಟ್ಟಗೆ ಮಾಡಿ ಕುದುರೆ, ಅಂದರೆ ಟ್ರಿಗರ್, ಎಳೆದರೆ ಆಗುತ್ತಿದ್ದ ಸದ್ದನ್ನು ನಾನು ಬರೆದು ತೋರಿಸಲಾರೆ. ಢಂ ಎಂದು ಬರೆದರೆ ಅದು ಡೋಲಿನ ಸದ್ದು. ಇದು ಹಾಗಲ್ಲ, ಮನೆಯ ಪಾತ್ರೆಗಳೆಲ್ಲ ಒಮ್ಮೆಲೇ ಉಸಿರು ಎಳೆದುಕೊಂಡಂತೆ ಆಗಿ, ನಳಿಗೆಯ ತುದಿಯಿಂದ ನೀಲಿ ಹೊಗೆ ಬಂದು, ಇಡೀ ಓಣಿಯಲ್ಲಿ ಯಾರೋ ಒಗ್ಗರಣೆ ಸೀಯಿಸಿದ ವಾಸನೆ ಹಬ್ಬುತ್ತಿತ್ತು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಇವತ್ತ ಏನ್ ಕರದ್ರವಾ?" ಎಂದು ಕೇಳುತ್ತಿದ್ದಳು. ಮುತ್ಯಾ ಕಣ್ಣು ಮುಚ್ಚಿ ಆ ಹೊಗೆಯನ್ನು ಊದುಬತ್ತಿಯಂತೆ ಸೇವಿಸಿ, "ನೋಡ್ರಿ, ಇದು ಜರ್ಮನಿ" ಎನ್ನುತ್ತಿದ್ದ. ಅವನ ಪಾಲಿಗೆ ಬಂದೂಕು ಎಲ್ಲಿಯದು ಎಂಬುದಕ್ಕೆ ಆ ಸದ್ದೇ ಸಾಕ್ಷಿ. ಸಂತೆಯ ಮಾಲು ಹೀಗೆ ಗರ್ಜಿಸುತ್ತದೆಯೇ?

ಹೊಡೆಯುತ್ತಿದ್ದವಳು ಕಸ್ತೂರಿ ಅತ್ತೆ. ಮುತ್ಯಾನ ಕಣ್ಣು ಮಂಜಾದ ಮೇಲೆ ಅಪ್ಪ ಒಂದೆರಡು ಸಲ ಪ್ರಯತ್ನ ಮಾಡಿದ; ಎಣ್ಣೆ ಹೆಚ್ಚಾಗಿ ಬರೀ ಹೊಗೆ, ಕಡಿಮೆಯಾಗಿ ಬರೀ ಕೆಮ್ಮು. ಅತ್ತೆಯ ಕೈಗೆ ಮಾತ್ರ ಆ ಹದ ಬಂತು. ಅವಳು ಎತ್ತರದ ಹೆಂಗಸು, ಉದ್ದ ತೋಳು, ಮಾತು ಕಡಿಮೆ. ಮುತ್ಯಾನಿಗೆ ಮಗಳ ಮೇಲೆ ಎಷ್ಟು ಜೀವ ಎಂಬುದನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಆ ಸದ್ದಾದ ಕೂಡಲೇ ಮಗ್ಗದ ಕುಣಿಯಿಂದ, "ಭಲೆ ಮಗಳ!" ಎಂಬ ಕೂಗು ಬರುತ್ತಿತ್ತು. ಮಗ್ಗದ ಸದ್ದಿನಲ್ಲಿ ಅರ್ಧ ಕಿವುಡಾಗಿದ್ದ ಅವನಿಗೆ ನಮ್ಮ ಮಾತು ಎರಡು ಸಲ ಹೇಳದೆ ಕೇಳುತ್ತಿರಲಿಲ್ಲ. ಅದೊಂದು ಸದ್ದು ಮಾತ್ರ ಮೊದಲ ಸಲಕ್ಕೇ ಕೇಳುತ್ತಿತ್ತು.

ತೊಂದರೆ ಏನೆಂದರೆ, ಆ ಸದ್ದು ಓಣಿ ದಾಟಿ ರಬಕವಿಯವರೆಗೆ, ತೇರದಾಳದವರೆಗೆ ಸುದ್ದಿಯಾಗಿ ಹೋಗಿತ್ತು. ಅತ್ತೆಗೆ ಬಂದ ವರಗಳೆಲ್ಲ ಹಿಂದೆ ಸರಿದವು. "ಬಂದೂಕ ಹೊಡಿಯೋ ಹುಡುಗಿ ಅಂತಲ್ರಿ" ಎಂದು ಒಬ್ಬರು ಬಾಯಿಬಿಟ್ಟೇ ಹೇಳಿದರು. ಹೀಗೆ ವಯಸ್ಸು ಏರುತ್ತಿದ್ದಾಗ ಮುಧೋಳದಿಂದ ಒಂದು ಮಾತು ಬಂತು. ಹುಡುಗ ಮಹಾದೇವ, ಲೋಕಾಪುರದಲ್ಲಿ ಸಾಲಿ ಮಾಸ್ತರ. ಮೊದಲು ಗೆಳೆಯನೊಬ್ಬನ ಜೊತೆ ಬಂದು ನೋಡಿಹೋದ. ಬಂದವರೆಲ್ಲ ಅಡುಗೆ ಬರುತ್ತದೆಯೇ, ಲಾಳಿಯ ಕಂಡಿಕೆಗೆ ನೂಲು ಸುತ್ತಲು ಬರುತ್ತದೆಯೇ ಎಂದು ಕೇಳಿದ್ದರೆ, ಇವನು ಚಹಾದ ಬಟ್ಟಲು ಕೆಳಗಿಟ್ಟು, "ನಿಮಗ ಏನ್ ಸೇರತೈತ್ರಿ?" ಎಂದು ಕೇಳಿದನಂತೆ. ಅತ್ತೆ ಏನೂ ಹೇಳಲಿಲ್ಲ. ಆದರೆ ಅವನು ಹೋದ ಮೇಲೆ ಒಬ್ಬಳೇ ಕೂತು ನಗುವುದು, ಒಲೆಯ ಮೇಲೆ ಹಾಲು ಉಕ್ಕಿಸುವುದು, ನನ್ನ ಜಡೆಯನ್ನು ಒಂದೇ ದಿನ ಎರಡು ಸಲ ಹಾಕುವುದು ಎಲ್ಲ ಶುರುವಾಯಿತು. ಆಯಿಗೆ ಅರ್ಥವಾಯಿತು. ಇದು ತಪ್ಪಿದರೆ ಈ ಹುಡುಗಿ ಇನ್ನೊಬ್ಬನಿಗೆ ಹೂಂ ಅನ್ನುವುದಿಲ್ಲ ಎಂದು ಅವಳು ಮುತ್ಯಾನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತಾಕೀತು ಮಾಡಿದಳು: "ಹುಡುಗನ ಅಪ್ಪ ಬರಾಂವ ಅದಾನ. ಬಂದೂಕಿನ ಸುದ್ದಿ ತಗದ್ರ ನೋಡ್ರಿ ಮತ್ತ!" ಮುತ್ಯಾ ದೇವರ ಮೇಲೆ ಆಣೆ ಹಾಕಿದ.

ಹುಡುಗನ ಅಪ್ಪ ಶಂಕ್ರಪ್ಪನವರು ಕೋರ್ಟಿನಲ್ಲಿ ನಾಜರರಾಗಿ ನಿವೃತ್ತರಾದವರು. ಪೊಲೀಸರು ಜಪ್ತಿ ಮಾಡಿ ತಂದ ಮುದ್ದೇಮಾಲು ಇಡುವ ಕೋಣೆಯ ಕೀಲಿಕೈ ನೌಕರಿಯುದ್ದಕ್ಕೂ ಅವರ ಸೊಂಟದಲ್ಲಿತ್ತಂತೆ. ಕುಡಗೋಲು, ಕೊಡಲಿ, ನಾಡ ಪಿಸ್ತೂಲು, ಹಳೆಯ ಗಾಳಿ ಬಂದೂಕು ಎಲ್ಲದರ ವರ್ಣನೆ ಬರೆದು ಬರೆದು, ಯಾವ ವಸ್ತು ಕಂಡರೂ ಅದರ ಹುಟ್ಟು ಹುಡುಕುವ ಚಟ ಅವರಿಗೆ ಅಂಟಿತ್ತು. ಇದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆಯಿ ಬಂದೂಕನ್ನು ಪಕ್ಕದ ಮನೆಗೆ ಸಾಗಿಸುತ್ತಿದ್ದಳು. ಈಗ ಅವಳು ಮಾಡಿದ್ದು ಇಷ್ಟೇ: ಅದನ್ನು ಗೂಟದಿಂದ ಇಳಿಸಿ ಮೂಲೆಯಲ್ಲಿ ನಿಲ್ಲಿಸಿ, ಮೇಲೊಂದು ಇಳಕಲ್ ಸೀರೆ ಹೊದಿಸಿದಳು. ನೋಡಿದರೆ ಯಾರೋ ಸಣಕಲು ಸೊಸೆ ಮಾವನ ಎದುರು ಸೆರಗು ಹೊದ್ದು ನಿಂತಂತಿತ್ತು.

ನಾಜರರು ಮಗನನ್ನು ಕರೆದುಕೊಂಡು ಮಹಾಲಿಂಗಪುರದ ಮೇಲಿಂದ ಬರುವ ಬಸ್ಸಿನಲ್ಲಿ ಬಂದಿಳಿದರು. ಕರಿ ಟೊಪ್ಪಿಗೆ, ಇಸ್ತ್ರಿಯ ಕೋಟು, ಕಾಲಿಗೆ ಬೂಟು. ಶಿರಾ ಉಪ್ಪಿಟ್ಟು ಬಂತು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಬಂದು ಕೂತಳು. ಎಲ್ಲ ಸರಿಯಾಗಿ ನಡೆದಿತ್ತು. ಆಗ ನಾಜರರು ಚಮಚ ಬಾಯಿಗೆ ಹೋಗುವ ದಾರಿಯಲ್ಲೇ ನಿಲ್ಲಿಸಿ, ಮೂಲೆಯ ಸೀರೆಯನ್ನು ದಿಟ್ಟಿಸಿ, "ಆ ಸೀರಿ ಒಳಗ ಕುದರಿ ಕಾಣಾಕತ್ತೈತಲ್ರಿ" ಎಂದರು. ಬಂದೂಕಿನ ಕುದುರೆಯ ಬಳೆ ಸೀರೆಯ ಅಂಚಿನಿಂದ ಚೂರೇ ಚೂರು ಹೊರಗಿತ್ತು. ಮುತ್ಯಾನ ಮುಖ ಅರಳಿದ್ದು ನೋಡಬೇಕಿತ್ತು. ಆಣೆ ಹಾಕಿದ್ದು ತಾನು ಸುದ್ದಿ ತೆಗೆಯುವುದಿಲ್ಲ ಎಂದು, ಬೇರೆಯವರು ತೆಗೆದರೆ ಉತ್ತರ ಕೊಡುವುದಿಲ್ಲ ಎಂದಲ್ಲವಲ್ಲ. "ಜರ್ಮನಿದ್ರಿ!" ಎಂದು ಮನೆ ಹಾರಿಹೋಗುವಂತೆ ಕೂಗಿದ.

ಆಮೇಲೆ ಕನ್ಯೆ ನೋಡುವ ಕಾರ್ಯಕ್ರಮ ಪಂಚನಾಮೆಯಾಯಿತು. ನಾಜರರು ಕಿಸೆಯಿಂದ ದಪ್ಪ ಕನ್ನಡಕ ತೆಗೆದು ಏರಿಸಿಕೊಂಡು, ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಯಾರಿಗೋ ಹೇಳಿ ಬರೆಸುವ ದನಿಯಲ್ಲಿ ಶುರುಮಾಡಿದರು. "ಹಿಡಿ ಕಟಗೀದು. ನಳಿಗಿ ಕೆಳಗ ಕಟಗಿ ಇಲ್ಲ. ಅಂದ್ರ ಹಳೇ ಕಾಲದ ಮಾಟ." ಮುತ್ಯಾ ತಲೆಯಾಡಿಸಿದ. "ನಡು ಮುರಿಯೋ ಕೀಲಿಗೆ ದೊಡ್ಡ ಸ್ಕ್ರೂ ಐತಿ. ಅದು ಸಡ್ಲ ಆಗಬಾರ್ದಂತ ಮಗ್ಗಲಕ್ಕ ಸಣ್ಣ ಸ್ಕ್ರೂ ಕಾವಲ ಕೂತೈತಿ. ಈ ಬುದ್ಧಿ ಸಂತಿ ಮಾಲಿನಾಗ ಇರಂಗಿಲ್ಲ. ಹೆಸರು ಯಾರ ಬೇಕಾದ್ರೂ ಕೆತ್ತಬಹುದ್ರಿ, ಇಂಥಾ ಸ್ಕ್ರೂ ಕೂಡ್ಸೂದು ಎಲ್ಲಾರಿಗೂ ಆಗೂದಲ್ಲ." ಅಷ್ಟರಲ್ಲಿ ಅವರ ಬೆರಳು ಕುಂಕುಮದ ದಿಬ್ಬಕ್ಕೆ ಬಂತು. ಇದನ್ನು ಕೆರೆಯಬೇಕು ಎಂದರು. ಒಳಗಿನ ಬಾಗಿಲಲ್ಲಿ ನಿಂತಿದ್ದ ಆಯಿ, ಬೀಗರೆನ್ನುವುದನ್ನೂ ಮರೆತು, "ಪೂಜಿ ಆದದ್ದನ್ನ ಕೆರೀತಾರೇನ್ರಿ? ನಿಮ್ಮ ಕೋರ್ಟಿನಾಗ ಹಂಗ ನಡೀತೈತೇನು?" ಎಂದುಬಿಟ್ಟಳು. ಕೊನೆಗೆ ಆಯಿಯೇ ದಾರಿ ಹುಡುಕಿದಳು: ಕೆರೆಯುವಂತಿಲ್ಲ, ಅಭಿಷೇಕ ಮಾಡಬಹುದು. ಬಂದೂಕನ್ನು ಪರಾತವೆಂಬ ಅಗಲ ತಟ್ಟೆಯಲ್ಲಿ ಇಟ್ಟು ಹಾಲು, ಬಿಸಿನೀರು ಸುರಿದು, ಬೆರಳಿನಿಂದ ಮೆಲ್ಲಗೆ ತಿಕ್ಕಿದಳು. ಕೆಂಪು ಕರಗಿ, ಅದರ ಕೆಳಗಿನ ವಿಭೂತಿ ಕರಗಿ, ಉಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳು ಎದ್ದವು. ಮಾಸ್ತರ ಮಹಾದೇವ ಬಾಗಿ, ಮಕ್ಕಳಿಗೆ ಕಾಗುಣಿತ ಹೇಳಿಸುವಂತೆ ಒಂದೊಂದೇ ಅಕ್ಷರ ಓದಿದ. ಜರ್ಮನಿ ಎಂದೇ ಇತ್ತು.

ಮುತ್ಯಾ ಅತ್ತುಬಿಟ್ಟ. ನಾಜರರು ಇನ್ನೂ ವಿವರಿಸುತ್ತಲೇ ಇದ್ದರು: ಅಕ್ಷರ ಇಂಗ್ಲಿಷಿನಲ್ಲಿದೆ, ಅಂದರೆ ಇಂಗ್ಲಿಷರ ರಾಜ್ಯದಲ್ಲಿ ಮಾರಲೆಂದೇ ಕಳಿಸಿದ್ದು, ಪಶ್ಚಿಮ ಜರ್ಮನಿ ಎಂದಿಲ್ಲ, ಅಂದರೆ ಆ ದೇಶ ಒಡೆದು ಎರಡಾಗುವ ಮುಂಚಿನದು, ಊರು ಯಾವುದು, ಮಾಡಿದವರು ಯಾರು ಎಂಬುದಕ್ಕೆ ಗುರುತಿಲ್ಲ. ಮುತ್ಯಾ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಹೊಸ್ತಿಲಿಗೆ ಹೋಗಿ ಓಣಿಯ ಕಡೆ ಮುಖ ಮಾಡಿ, "ಕೊಲ್ಲಾಪುರ ಅಂತ ಅಂದವ್ರ ಎಲ್ಲಿ ಅದೀರಿ, ಬರ್ರಿ!" ಎಂದು ಕರೆದ. ಇಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿ ಎಲೆಅಡಿಕೆ ಹಾಕಿಕೊಂಡು ಏಳುತ್ತಿದ್ದರು. ಆದರೆ ಮುದ್ದೇಮಾಲಿನ ಮನುಷ್ಯ ಅರ್ಧಕ್ಕೆ ಬಿಡುವವನಲ್ಲ. ನಾಜರರು ನಳಿಗೆಯನ್ನು ಮೂಗಿಗೆ ಹಿಡಿದರು. ಮುಖ ಕಿವಿಚಿತು. "ಇದರ ಹೊಟ್ಟ್ಯಾಗ ಏನ್ ಹಾಕ್ತೀರಿ?"

"ಕುಸುಬಿ ಎಣ್ಣಿರಿ," ಎಂದ ಮುತ್ಯಾ ಅಭಿಮಾನದಿಂದ. "ನಮ್ಮೂರ ಗಾಣದ್ದು."

ನಾಜರರ ಮುಖ ನೋಡಿದರೆ ಮನೆಯಲ್ಲಿ ಯಾರೋ ಕೊಲೆ ಒಪ್ಪಿಕೊಂಡಂತಿತ್ತು. ಅಡುಗೆ ಎಣ್ಣೆಯನ್ನು ಗಾಳಿ ಬಂದೂಕಿನ ಹೊಟ್ಟೆಗೆ ಎಂದೂ ಹಾಕಬಾರದು, ಒಳಗೆ ಗಾಳಿ ಒತ್ತಿದಾಗ ಬಿಸಿಯಾಗಿ ಎಣ್ಣೆಗೆ ಬೆಂಕಿ ಹತ್ತುತ್ತದೆ, ಆ ಸದ್ದು ಜರ್ಮನಿಯದಲ್ಲ, ಕುಸುಬಿಯದು ಎಂದರು. ಚಿಮಣಿ ಎಣ್ಣೆ ತರಿಸಿದರು. ಕೋಟು ಬಿಚ್ಚಿ, ತೋಳು ಏರಿಸಿ, ಕಡ್ಡಿಗೆ ಬಟ್ಟೆ ಸುತ್ತಿ ಬಂದೂಕಿನ ಹೊಟ್ಟೆ ತೊಳೆದರು. ಬೆಲ್ಲದ ಪಾಕದಂಥ ಕರಿ ಜಿಡ್ಡು ಇಳಿಯಿತು. ಬಿಸಿಲಿಗಿಟ್ಟು ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಕೀಲಿಗೆ ಸೋಕಿಸಿ, ನೂಲಿನ ಉಂಡೆ ಹಾಕಿ, ಅಂಗಳಕ್ಕೆ ಬಂದು ಆಕಾಶಕ್ಕೆ ಹಿಡಿದರು. ನಾವೆಲ್ಲ ಅಭ್ಯಾಸದಂತೆ ಕಿವಿ ಮುಚ್ಚಿಕೊಂಡೆವು. ನಾಜರರು ಕುದುರೆ ಎಳೆದರು.

ತುಸ್.

ಬೆರಳು ತೆಗೆದ ಮೇಲೂ ಸದ್ದು ಇನ್ನೂ ಬರಬೇಕಿದೆ ಎಂದು ನಾನು ಕಾಯುತ್ತಿದ್ದೆ. ಮಾಳಿಗೆಯ ಅಂಚಿನ ಪಾರಿವಾಳ ಕತ್ತು ಹೊರಳಿಸಿ ನೋಡಿ, ಮತ್ತೆ ಗರಿ ಕೆದರಿಕೊಂಡಿತು. "ಕೇಳಿದ್ರಿ? ಇದು ಖರೆ ಜರ್ಮನಿ ಸಪ್ಪಳ," ಎಂದರು ನಾಜರರು, ಪ್ರೀತಿಯಿಂದ. ಮುತ್ಯಾ ಕೇಳಿರಲಿಲ್ಲ. ಅವನ ಕಿವಿಗೆ ಅದು ಮುಟ್ಟಿರಲೇ ಇಲ್ಲ. "ಹೊಡದ್ರಾ?" ಎಂದು ಅಪ್ಪನನ್ನು ಕೇಳಿದ. ಹೊಡೆದರು ಎಂದು ಅಪ್ಪ ಎರಡು ಸಲ ಹೇಳಬೇಕಾಯಿತು. ಆಗ ಮುತ್ಯಾನ ಮುಖ ಇಳಿಯಿತು. ಮರುಗಳಿಗೆಯೇ ಆ ದುಃಖ ಸಿಟ್ಟಾಗಿ ಏರಿತು. "ಇದು ನನ್ನ ಬಂದೂಕಲ್ಲ. ನನ್ನ ಬಂದೂಕಿನ ದನಿ ಕಳದಬಿಟ್ರಿ ನೀವು. ಜರ್ಮನಿ ನೀವ ಒಯ್ರಿ, ನನ್ನ ಸಪ್ಪಳ ನನಗ ಕೊಡ್ರಿ!" ನಾಜರರೂ ಬಿಡಲಿಲ್ಲ: "ಬಂದೂಕಿಗೆ ಒಗ್ಗರಣಿ ಹಾಕೋ ಮನಿಯವ್ರಿಗೆ ನಾ ಏನ್ ಹೇಳ್ಲಿ? ನಡೀ ಮಹಾದೇವಾ." ಕೋಟು ಹೆಗಲಿಗೇರಿತು. ಬೂಟಿನೊಳಗೆ ಒಂದು ಕಾಲು ಹೋಯಿತು. ಮಹಾದೇವ ಕೂತಲ್ಲೇ ಕೂತಿದ್ದ. ಏಳಲೂ ಆಗದೆ, ಕೂರಲೂ ಆಗದೆ, ಕೈಯಲ್ಲಿದ್ದ ಖಾಲಿ ಬಟ್ಟಲನ್ನು ತಿರುಗಿಸುತ್ತಿದ್ದ. ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ ಕಸ್ತೂರಿ ಅತ್ತೆ ಎದ್ದಳು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಂದದ್ದನ್ನು ಅವಳು ಸರಿಮಾಡಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗಿ ಎಣ್ಣೆಯ ಗಿಂಡಿ ತಂದಳು. ನಾಜರರ ಎದುರಿಗೇ ನಿಂತು, ಅವರು ಅಷ್ಟು ಹೊತ್ತು ತೊಳೆದು ಮಡಿ ಮಾಡಿದ ಬಂದೂಕಿನ ನಡು ಮುರಿದು ಎಣ್ಣೆ ಬಿಟ್ಟಳು. ಒಲಿದು ಬಂದ ವರ, ಒಳ್ಳೆಯ ಮನೆ, ಮೊದಲ ಬಾರಿಗೆ ನಗಿಸಿದ ಮನುಷ್ಯ, ಎಲ್ಲವೂ ಆ ಗಿಂಡಿಯಿಂದ ಸುರಿದುಹೋಗುತ್ತಿದೆ ಎಂದು ಅಂಗಳದಲ್ಲಿದ್ದ ನಮಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನೂಲು ಒದ್ದೆ ಮಾಡಿ ಉಂಡೆ ಕಟ್ಟುತ್ತ, "ನೀವು ಹೇಳಿದ್ದೆಲ್ಲಾ ಖರೆ ಐತ್ರಿ ಸಾಹೇಬ್ರ. ಆದ್ರ ನಮ್ಮಪ್ಪಗ ಕೇಳೂದು ಇದೊಂದ ಸಪ್ಪಳ," ಎಂದಳು. ಬಂದೂಕನ್ನು ಮೇಲೆತ್ತಿ ಹೊಡೆದಳು.

ಅಂಥ ಸದ್ದು ಅದು ಎಂದೂ ಮಾಡಿರಲಿಲ್ಲ. ಹೊಟ್ಟೆ ತೊಳೆದದ್ದರಿಂದ ಹಸಿವು ಹೆಚ್ಚಾಗಿತ್ತೋ ಏನೋ. ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದವು, ನಾಜರರ ಟೊಪ್ಪಿಗೆ ಓರೆಯಾಯಿತು, ಪಕ್ಕದ ಮನೆಯಾಕೆ ಗೋಡೆಯ ಮೇಲೆ ಮೂಡಿದಳು. ನೀಲಿ ಹೊಗೆಯ ಆಚೆಯಿಂದ ಮುತ್ಯಾನ "ಭಲೆ ಮಗಳ!" ಬಂತು. ನಾಜರರು ಒಂದು ಕಾಲಿಗೆ ಬೂಟು, ಒಂದು ಬರಿಗಾಲು, ಹಾಗೇ ನಿಂತಿದ್ದರು. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಎಣ್ಣಿ ಎಷ್ಟ ಬಿಟ್ಟಿ, ತಂಗಿ?"

"ಅಳತಿ ಇಲ್ರಿ. ಕೈಗೆ ತಿಳೀತೈತಿ."

ನಾಜರರು ಬೂಟು ಕಳಚಿದರು. ಬಂದು ಕಟ್ಟೆಯ ಮೇಲೆ ಮುತ್ಯಾನ ಮಗ್ಗುಲಲ್ಲಿ ಕೂತರು. "ನೌಕರಿ ತುಂಬ ನಾ ಬರೇ ಸತ್ತ ಬಂದೂಕ ನೋಡೇನ್ರಿ," ಎಂದರು. "ಚೀಟಿ ಕಟ್ಟಿದ್ದು, ಅರಗು ಹಚ್ಚಿದ್ದು. ಒಂದೂ ಮಾತಾಡ್ಲಿಲ್ಲ ನನ್ನ ಕೂಡ." ಅತ್ತೆಯ ಕಡೆ ತಿರುಗಿ, "ಇನ್ನೊಮ್ಮೆ ಹೊಡಿಯವಾ, ನೋಡೂಣು," ಎಂದರು. ಅತ್ತೆ ಹೊಡೆದಳು. ಮತ್ತೊಮ್ಮೆ ಎಂದರು. ಹೀಗೆ ನೂಲಿನ ರದ್ದಿ ಮುಗಿಯುವವರೆಗೆ ನಡೆಯಿತು. ಮುಧೋಳದ ಕಡೆ ಬಸ್ಸು ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ. ಮಹಾದೇವ ಮಾಸ್ತರ ಅತ್ತೆಯನ್ನೇ ನೋಡುತ್ತ, ತಾನು ಅಂದು ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು ಎನ್ನುವಂತೆ ನಗುತ್ತಿದ್ದ.

ಮದುವೆಯಾಯಿತು. ಅತ್ತೆ ಮುಧೋಳಕ್ಕೆ ಹೋದಳು. ಬಂದೂಕು ಗೂಟದ ಮೇಲೆ ಉಳಿಯಿತು, ಆದರೆ ಅದನ್ನು ಮಾತಾಡಿಸುವ ಕೈ ಮನೆಯಲ್ಲಿರಲಿಲ್ಲ. ಮುತ್ಯಾ ತಾನೇ ಎಣ್ಣೆ ಬಿಟ್ಟು ನೋಡಿದ, ಅವ್ವನ ಕೈಯಲ್ಲಿ ಬಿಡಿಸಿ ನೋಡಿದ. ಹೊಗೆ ಬಂದರೆ ಸದ್ದಿಲ್ಲ, ಸದ್ದು ಬಂದರೆ ಅದು ಕೆಮ್ಮು. ಆಮೇಲೆ ಬಿಟ್ಟುಬಿಟ್ಟ. ಅವನಿಗೆ ವರ್ಷದಲ್ಲಿ ಉಳಿದದ್ದು ಒಂದೇ ಹಬ್ಬ, ನಾಗರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಓಣಿಯಲ್ಲಿ ಹುಡುಗಿಯರು ಜೋಕಾಲಿ ಕಟ್ಟಿ, ಉಂಡಿ ತಿನ್ನುತ್ತ ತೂಗುತ್ತಿದ್ದರೆ, ನಮ್ಮ ಅಂಗಳದಲ್ಲಿ ಮೊದಲು ಬಂದೂಕು ಹಾರಬೇಕು. ಸೊಸೆಯನ್ನು ಕಳಿಸಿಕೊಡುವ ನೆಪದಲ್ಲಿ ನಾಜರರೂ ತಪ್ಪದೆ ಬರುತ್ತಿದ್ದರು. ಇಬ್ಬರು ಮುದುಕರು ಕಟ್ಟೆಯ ಮೇಲೆ ಕೂತು, ಜರ್ಮನಿಯಲ್ಲಿ ಅದು ಯಾವ ಊರಿನದಿರಬಹುದು ಎಂದು ವಾದ ಮಾಡುತ್ತಿದ್ದರು. ನಾಜರರ ಪ್ರಕಾರ ಗುಡ್ಡದ ಊರು, ಯಾಕೆಂದರೆ ಒಳ್ಳೆಯ ಕಟ್ಟಿಗೆ. ಮುತ್ಯಾನ ಪ್ರಕಾರ ಹೊಳೆ ದಂಡೆಯ ಊರು, ಅಲ್ಲಿ ನೇಕಾರರೂ ಇರಲೇಬೇಕು. ಇಲ್ಲದಿದ್ದರೆ ನೂಲಿನ ಉಂಡೆ ಅಷ್ಟು ಸರಿಯಾಗಿ ಕೂರುವ ನಳಿಗೆ ಮಾಡುವುದು ಅವರಿಗೆ ಹೇಗೆ ಹೊಳೆಯಬೇಕು?

ಇದನ್ನು ಬರೆಯುವ ಸ್ವಲ್ಪ ಮುಂಚೆ ನಾನು, ಈಗ ನನ್ನ ಮನೆಯಲ್ಲಿರುವ ಆ ಬಂದೂಕಿನ ಫೋಟೋ ತೆಗೆದು, ಹಳೆಯ ಗಾಳಿ ಬಂದೂಕುಗಳ ಹುಟ್ಟು ಗುರುತಿಸುವವರ ಒಂದು ಗುಂಪಿಗೆ ಫೋನಿನಲ್ಲಿ ಕಳಿಸಿದೆ. ಸ್ಕ್ರೂ, ಕುದುರೆ, ಅಕ್ಷರ, ಹಿಡಿ ಎಲ್ಲವನ್ನೂ ಬೇರೆ ಬೇರೆ ಕೋನದಿಂದ ಕೇಳಿ ತರಿಸಿಕೊಂಡು, ಯಾವುದೋ ದೇಶದ ಮುದುಕನೊಬ್ಬ ಊರಿನ ಹೆಸರು ಹೇಳಿದ. ಗುಡ್ಡಗಾಡಿನ ಸಣ್ಣ ಊರು, ಹೊಳೆಯೂ ಇದೆಯಂತೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತಂತೆ. ಕೊನೆಯಲ್ಲಿ, ದಯವಿಟ್ಟು ಅಡುಗೆ ಎಣ್ಣೆ ಮಾತ್ರ ಹಾಕಬೇಡಿ ಎಂದು ಬರೆದಿದ್ದ. ಕಸ್ತೂರಿ ಅತ್ತೆಗೆ ಫೋನು ಮಾಡಿ ಎಲ್ಲ ಓದಿ ಹೇಳಿದೆ. ಅವಳ ತಲೆ ಪೂರ್ತಿ ಬೆಳ್ಳಗಾಗಿದೆ, ಗತ್ತು ಹಾಗೇ ಇದೆ. "ಇಬ್ರೂ ಗೆದ್ರು ಬಿಡು," ಎಂದಳು. ಆಮೇಲೆ, "ಯಾರಿಗೆ ಹೇಳೂದ ಈಗ?" ಎಂದಳು. ಹೇಳಬೇಕಾದ ಇಬ್ಬರೂ ಇಲ್ಲ. ನಾಜರರು ಮಲಗಿದಲ್ಲೇ ಹೋದರು, ಮುತ್ಯಾ ಅವರಿಗಿಂತ ಬಹಳ ಮೊದಲೇ ಹೋಗಿದ್ದ.

ಮುತ್ಯಾ ಹೋದ ವರ್ಷದ ಪಂಚಮಿಗೂ ಅತ್ತೆ ಬಂದಳು. ಅಷ್ಟು ಹೊತ್ತಿಗೆ ಅಪ್ಪ ಕುಣಿಮಗ್ಗ ತೆಗೆಸಿ ಪವರ್‌ಲೂಮ್ ಹಾಕಿಸಿದ್ದ. ಅವುಗಳ ಗದ್ದಲಕ್ಕೆ ಪಾರಿವಾಳಗಳು ತಾವಾಗಿಯೇ ಮನೆ ಬಿಟ್ಟಿದ್ದವು. ಹಬ್ಬಕ್ಕೆಂದು ಆ ಮಗ್ಗಗಳೂ ನಿಂತಿದ್ದವು, ಮನೆ ಬಣಬಣ ಎನ್ನುತ್ತಿತ್ತು. ಅತ್ತೆ ಯಾರೂ ಹೇಳದೆಯೇ ಬಂದೂಕು ಇಳಿಸಿದಳು. ನಡು ಮುರಿದು ಎಣ್ಣೆ ಬಿಟ್ಟಳು, ನೂಲು ಒದ್ದೆ ಮಾಡಿ ಉಂಡೆ ಇಟ್ಟಳು, ಅಂಗಳಕ್ಕೆ ಬಂದು ಮೇಲೆತ್ತಿ ಹಿಡಿದಳು. ನಾನು ಕಿವಿ ಮುಚ್ಚಿಕೊಂಡು ಕಾದೆ. ನಾಜರರು ಕಟ್ಟೆಯ ಮೇಲೆ ಒಂದು ಬದಿಗೆ ಸರಿದು, ಮಗ್ಗುಲಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಅತ್ತೆ ಬಂದೂಕು ಇಳಿಸಿದಳು. "ಕೇಳಾಂವ ಇಲ್ಲಲ್ರಿ ಮಾವಾರ," ಎಂದಳು. ನಾಜರರು ಹೂಂ ಎಂದರು. ನಡು ಮುರಿದಾಗ ಬಂದೂಕಿನೊಳಗೆ ಒತ್ತಿಕೊಂಡು ಕೂರುವ ಸ್ಪ್ರಿಂಗನ್ನು ಹೊಡೆಯದೆ ಇಳಿಸುವುದು ಹೊಡೆಯುವುದಕ್ಕಿಂತ ಕಷ್ಟ. ತೋಳಿನ ಬಲವೆಲ್ಲ ಬೇಕು. ಅವಳು ನಡು ಮುರಿದು, ಉಂಡೆ ತೆಗೆದು ಹಾಕಿ, ನಳಿಗೆಯನ್ನು ಮೊಣಕಾಲಿಗೆ ಆನಿಸಿ ಎಡಗೈಯಲ್ಲಿ ಬಿಗಿಹಿಡಿದು, ಬಲಗೈಯಲ್ಲಿ ಕುದುರೆ ಎಳೆದಳು. ಒಳಗಿಂದ ಒದ್ದು ಬಂದ ಅಷ್ಟೂ ಬಲವನ್ನು ತೋಳಿನಲ್ಲೇ ತಡೆದುಕೊಂಡು, ಹಲ್ಲು ಕಚ್ಚಿ, ಇಷ್ಟಿಷ್ಟೇ ಬಿಡುತ್ತ ಬಂದಳು. ನಳಿಗೆ ತನ್ನ ಜಾಗಕ್ಕೆ ಬಂದು ಕೂತಾಗ ಒಂದು ಸಣ್ಣ ಸದ್ದೂ ಆಗಲಿಲ್ಲ.